ಹಿಡದೀನಿ ಅನ್ನುವ ತನಕ

ಮಗಳ ಕೆಲಸ ಏನೆಂದು ಗುರಣ್ಣನಿಗೆ ಸರಿಯಾಗಿ ಗೊತ್ತಿರಲಿಲ್ಲ. ಅದರ ಬಗ್ಗೆ ಜಂಬ ಕೊಚ್ಚಲು ಅದೇನೂ ಅವನಿಗೆ ಅಡ್ಡಿಯಾಗಿರಲಿಲ್ಲ. ಮರಾಠಿ ನಾಡಿನ ವಾಕಡದ ಹೊಸ ಕಟ್ಟಡದಲ್ಲಿ ಅವನು ಸ್ಲ್ಯಾಬ್ ಹಾಕುವ ಗ್ಯಾಂಗಿನ ಮುಖಂಡ, ಮುಕಾದಮ. ಕಾಂಕ್ರೀಟಿನ ಗಾಡಿ ಗೇಟು ದಾಟಿ ಬಂದರೆ ಸಾಕು, ಪಕ್ಕದಲ್ಲಿ ಯಾರಿದ್ದರೂ ಹಿಡಿದು ನಿಲ್ಲಿಸಿ, "ಈ ಗಾಡಿ ತಾನಾಗೇ ಬಂದಿಲ್ಲ, ನಮ್ಮ ಮಾಯಾ ಕರಿಸ್ಯಾಳ" ಅನ್ನುತ್ತಿದ್ದ. ಚಹಾದ ಅಂಗಡಿಯವನಿಗೆ ಇದನ್ನೇ ಮರಾಠಿಯಲ್ಲಿ, ಇನ್ನಷ್ಟು ಉಪ್ಪು ಖಾರ ಹಚ್ಚಿ ಹೇಳುತ್ತಿದ್ದ. ಮಾಯಾಗೆ ನಾಚಿಕೆಯಾಗುತ್ತಿತ್ತು. ಒಳಗೊಳಗೆ ಹಿಗ್ಗೂ ಆಗುತ್ತಿತ್ತು, ಅದನ್ನು ಮುಚ್ಚಿಡುವುದೇಕೆ.

ಅವಳು ಕೆಲಸಕ್ಕಿದ್ದ ಪುಟ್ಟ ಕಂಪನಿ, ಕಾಂಕ್ರೀಟ್ ಕಲಸಿ ಸೈಟುಗಳಿಗೆ ಕಳಿಸುವ ಪ್ಲಾಂಟೊಂದಕ್ಕೆ ಸಾಫ್ಟ್‌ವೇರ್ ಮಾಡಿಕೊಟ್ಟಿತ್ತು. ಸೈಟಿನ ಎಂಜಿನಿಯರ್ ಮೊಬೈಲಿನಲ್ಲಿ ಒತ್ತಿದರೆ 'ಗಾಡಿ ಬೇಕು' ಎಂಬ ಸಂದೇಶ ಹೊರಡುತ್ತದೆ. ಪ್ಲಾಂಟಿನ ಕಂಪ್ಯೂಟರ್ ಅದನ್ನು ಪಡೆದು ಗಾಡಿ ತುಂಬಿಸುತ್ತದೆ. ಇವೆರಡರ ನಡುವೆ ನಿಂತು, ಸಂದೇಶಗಳನ್ನು ಸಾಲಿನಲ್ಲಿಟ್ಟು ದಾಟಿಸುವುದು ಮೆಸೇಜ್ ಬ್ರೋಕರ್ ಎಂಬ ಪ್ರೋಗ್ರಾಮ್. ಆ ಬ್ರೋಕರಿನ ಉಸ್ತುವಾರಿ ಮಾಯಾಳದು.

ಹೋದ ವಾರ ಅದೇ ಕೈಕೊಟ್ಟಿತ್ತು. ಕಂಬಗಳಿಗೆ ಕಾಂಕ್ರೀಟ್ ಸುರಿಯುವಾಗ ಒಂದು ಗಾಡಿ ಬರಲೇ ಇಲ್ಲ. ಸಂದೇಶ ಕೈಗೆ ಬಂದ ಗಳಿಗೆಯಲ್ಲೇ ಪ್ಲಾಂಟಿನ ಕಂಪ್ಯೂಟರ್ ಹ್ಯಾಂಗ್ ಆಗಿತ್ತು. ಬ್ರೋಕರ್ ಮಾತ್ರ 'ಕೊಟ್ಟಾಯಿತು' ಎಂದು ಸಂದೇಶವನ್ನು ಅಳಿಸಿ ಕೈ ತೊಳೆದುಕೊಂಡಿತ್ತು.

ಸೈಟಿನ ಎಂಜಿನಿಯರ್ ಮಹೇಶಕುಮಾರ ಬೀದರಿನ ಕಡೆಯವನು, ಒಳ್ಳೆಯವನೇ. ಆದರೆ ಅಂದು ಅವನ ಮುಖ ಗಂಟಿಕ್ಕಿತ್ತು. "ಗುರಣ್ಣಾ, ಐತವಾರ ಸ್ಲ್ಯಾಬ್ ಅದ. ಸ್ಲ್ಯಾಬ್ ನಡುವ ನಿಂತ್ರ ಹಾಕಿದ್ದು ಗಟ್ಟಿ ಆಗ್ತದ, ಹೊಸಾದು ಅದಕ್ಕ ಹತ್ತೂದಿಲ್ಲ. ಜಾಯಿಂಟ್ ಬಿದ್ದು ಮಳಿಗಾಲದಾಗ ಸೋರ್ತದ. ಮೊದಲಿನಂಗ ಫೋನ್ ಮ್ಯಾಲೇ ಗಾಡಿ ತರಸೋಣು."

"ಸಿಸ್ಟಮ್ ಇರ್ಲಿರಿ ಸಾಹೇಬ್ರ," ಅಂದ ಗುರಣ್ಣ. "ನನ್ನ ಮಗಳು ಮಾಡಿದ್ದದು. ಜಾಯಿಂಟ್ ಬಿತ್ತಂದ್ರ ನಾ ಈ ಮುಕಾದಮಕಿ ಬಿಟ್ಟು ಹೋಗ್ತೀನ್ರಿ."

ಮನೆಯಲ್ಲಿ ಇದನ್ನು ಕೇಳಿ ಸಕ್ಕುಬಾಯಿ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು. "ನಿನ್ನ ಬಾಯಿಗೊಂದು ಕೀಲಿ ಇಲ್ಲೇನು?" ಎಂದು ಗಂಡನನ್ನು ಕೇಳಿದಳು. ಗುರಣ್ಣ ಕೇಳಿಸದವನಂತೆ ಉಣ್ಣತೊಡಗಿದ. ಮಾಯಾ ಮಾತ್ರ ತಟ್ಟೆಯನ್ನು ಬದಿಗೆ ಸರಿಸಿದಳು. ಕಬ್ಬಿಣ ಹೊರುವ ಕೂಲಿಯಿಂದ ಮುಕಾದಮನಾಗಲು ಅಪ್ಪ ಸವೆಸಿದ ವರ್ಷಗಳನ್ನು ಅವಳು ನೋಡಿದ್ದಳು.

ಮರುದಿನ ಕಂಪನಿಯ ಮಾಲೀಕ ನಿತಿನ ಅವಳಿಗೆ ಸಮಾಧಾನ ಹೇಳಿದ. ಉಡುಪಿ ಕಡೆಯ ಹೋಟೆಲಿನವರ ಮಗ. ಅವನ ಆಫೀಸು ಅಪ್ಪನ ಹೋಟೆಲಿನ ಮೇಲೆಯೇ ಇತ್ತು. "ಎಲ್ಲರೂ ಬ್ರೋಕರ್ ಜೊತೆ ಬಂದ ಸೆಟ್ಟಿಂಗೇ ಇಟ್ಕೊಳ್ಳೋದು ಮಾಯಾ. ಹ್ಯಾಂಗ್ ಆಗೋದು ಅಪರೂಪ, ಬಿಟ್ಟುಬಿಡಿ."

ಅಪರೂಪವನ್ನು ನಂಬಿ ಅಪ್ಪನ ಹೆಸರನ್ನು ಪಣಕ್ಕಿಡಲು ಅವಳು ತಯಾರಿರಲಿಲ್ಲ. ಬಂದ ಸೆಟ್ಟಿಂಗನ್ನೆಲ್ಲ ಕಿತ್ತುಹಾಕಿ, ಖಾಲಿ ಫೈಲು ತೆರೆದು, ಒಂದೊಂದೇ ಸಾಲನ್ನು ತಾನೇ ಬರೆಯಲು ಕುಳಿತಳು. ಕೆಳಗಿನಿಂದ ಸಾಂಬಾರಿನ ಒಗ್ಗರಣೆಯ ಘಾಟು ಬರುತ್ತಿತ್ತು. ಅವಳ ಕಣ್ಣ ಮುಂದಿದ್ದದ್ದು ಹಳೆಯ ಸೈಟು. ಕಾಂಕ್ರೀಟ್ ಮೇಲೇರಿಸುವ ಪಂಪು ಬರುವ ಮೊದಲು ಅಪ್ಪ ಅವ್ವ ಮಿಕ್ಕವರೊಂದಿಗೆ ಏಣಿಯುದ್ದಕ್ಕೂ ನಿಂತು ಕಾಂಕ್ರೀಟಿನ ಬುಟ್ಟಿಯನ್ನು ಕೈಯಿಂದ ಕೈಗೆ ಮೇಲೆ ದಾಟಿಸುತ್ತಿದ್ದರು. ಗುರಣ್ಣನ ಗ್ಯಾಂಗಿನಲ್ಲಿ ಒಂದು ರಿವಾಜಿತ್ತು: ಮೇಲಿನವರು 'ಹಿಡದೀನಿ' ಅನ್ನುವ ತನಕ ಕೆಳಗಿನವರು ಬುಟ್ಟಿ ಬಿಡುವಂತಿಲ್ಲ. ಕೈಗೆ ಕೈ ತಾಕಿತೆಂದು ಬಿಟ್ಟವರು ತಿನ್ನುತ್ತಿದ್ದ ಬೈಗುಳ ಇಡೀ ಓಣಿಗೆ ಕೇಳುತ್ತಿತ್ತು. ಕೈಯಲ್ಲೊಂದು ಬುಟ್ಟಿ ಇದ್ದವರಿಗೆ ಇನ್ನೊಂದನ್ನು ಚಾಚುವಂತೆಯೂ ಇರಲಿಲ್ಲ.

ಮಾಯಾ ಬ್ರೋಕರಿಗೂ ಅದೇ ರಿವಾಜು ಹಾಕಿದಳು. 'ಗಾಡಿ ತುಂಬಿದೆ' ಎಂದು ಪ್ಲಾಂಟು ತಿರುಗಿ ಹೇಳುವ ತನಕ ಸಂದೇಶವನ್ನು ಅಳಿಸಬಾರದು. ನಡುವೆ ಸಂಪರ್ಕ ಕಡಿದರೆ ಅದನ್ನು ಸಾಲಿಗೆ ವಾಪಸು ತಂದು ಮತ್ತೆ ಕೊಡಬೇಕು. ಒಂದು ಮುಗಿಯದೆ ಇನ್ನೊಂದನ್ನು ಕೊಡಬಾರದು. ಕರೆಂಟ್ ಹೋದರೂ ಉಳಿಯುವಂತೆ ಎಲ್ಲವನ್ನೂ ಡಿಸ್ಕಿನಲ್ಲಿ ಬರೆದಿಡಬೇಕು. ಬರೆದು ಮುಗಿಸಿ, ಒಂದು ಸಂದೇಶ ಕಳಿಸಿ, ತಾನೇ ಕಂಪ್ಯೂಟರಿನ ಪ್ಲಗ್ ಕಿತ್ತಳು, ಹಾಕಿದಳು, ಮತ್ತೆ ಕಿತ್ತಳು. ನಿತಿನ ಬಾಗಿಲಲ್ಲಿ ನಿಂತು ನೋಡಿದ. ಸಂದೇಶ ಇದ್ದಲ್ಲೇ ಇತ್ತು.

ಐತವಾರ ಗುರಣ್ಣ ಜೇಜುರಿ ದೇವರ ಭಂಡಾರದ ಅರಿಸಿನವನ್ನು ಪಂಪಿಗೆ ಹಚ್ಚಿ ಕೆಲಸ ಶುರು ಮಾಡಿಸಿದ. ಮಗಳನ್ನೂ ಮೇಲೆ ಕರೆತಂದು, ಎಲ್ಲರಿಗೂ ಕಾಣುವ ಕಡೆಯೇ ಕುರ್ಚಿ ಹಾಕಿಸಿದ್ದ. ಅರ್ಧ ಸ್ಲ್ಯಾಬ್ ತುಂಬಿದ ಹೊತ್ತಿಗೆ ಮಹೇಶಕುಮಾರ ಮುಂದಿನ ಗಾಡಿಗೆ ಒತ್ತಿದ. ಮೊಬೈಲಿನಲ್ಲಿ ಏನೂ ಬದಲಾಗಲಿಲ್ಲ. ಪ್ಲಾಂಟಿನಲ್ಲಿ ಕರೆಂಟ್ ಹೋಗಿದೆ, ಕಂಪ್ಯೂಟರ್ ಬಂದ್ ಆಗಿದೆ, ಜನರೇಟರ್ ಚಾಲೂ ಮಾಡುತ್ತಿದ್ದೇವೆ ಎಂದು ಫೋನ್ ಬಂತು.

"ಮತ್ತ ಅದೇ ಕಥಿ ಆಯ್ತು," ಅಂದ ಮಹೇಶಕುಮಾರ. "ಬ್ಯಾರೆ ಪ್ಲಾಂಟಿಗೆ ಫೋನ್ ಹಚ್ಚತೀನಿ."

ಗುರಣ್ಣ ಮಗಳ ಕಡೆ ನೋಡಿದ.

"ಸಂದೇಶ ಎಲ್ಲೂ ಹೋಗಿಲ್ಲಪ್ಪಾ," ಅಂದಳು ಮಾಯಾ. "ಸಾಲಿನಾಗೇ ಅದ. ಕಂಪ್ಯೂಟರ್ ಚಾಲೂ ಆಗಿದ್ದೇ ತಡ, ತಾನಾಗೇ ಹೋಗ್ತದ."

"ಖಾತ್ರಿ ಅದ?"

"ಖಾತ್ರಿ ಅದ."

"ಕಾಯೋಣ್ರಿ ಸಾಹೇಬ್ರ," ಎಂದು ಗುರಣ್ಣ, ಹಾಕಿದ ಕಾಂಕ್ರೀಟಿನ ಅಂಚಿಗೆ ಒದ್ದೆ ಗೋಣಿಚೀಲ ಹೊದಿಸಲು ಗ್ಯಾಂಗಿಗೆ ಹೇಳಿದ. ಬಿಸಿಲು ಏರುತ್ತಿತ್ತು. ಅವನು ಬಗ್ಗಿ ಬಗ್ಗಿ ಅಂಚನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದ. ಮಾಯಾ ಬಾಯಲ್ಲಿ ಖಾತ್ರಿ ಅಂದಿದ್ದಳೇ ಹೊರತು ಅವಳಿಗೆ ಕೂತಿರಲು ಆಗಲಿಲ್ಲ. ಕುರ್ಚಿ ಬಿಟ್ಟು ಎದ್ದು ನಿಂತಳು.

ಆಮೇಲೆ, ಯಾರೂ ಏನೂ ಒತ್ತದೆ, ಮಹೇಶಕುಮಾರನ ಮೊಬೈಲಿನಲ್ಲಿ 'ಗಾಡಿ ತುಂಬಿದೆ' ಎಂದು ಬಂತು. ಸ್ವಲ್ಪ ಹೊತ್ತಿಗೆ ಗೇಟಿನಲ್ಲಿ ಹಾರ್ನ್ ಕೇಳಿಸಿತು. ಅಂಚಿನ ಕಾಂಕ್ರೀಟು ಇನ್ನೂ ಮೆತ್ತಗಿತ್ತು. ಹೊಸದು ಅದರೊಳಗೆ ಬೆರೆತುಹೋಯಿತು. ಹೊತ್ತು ಇಳಿಯುವುದರೊಳಗೆ ಒಂದು ಗೆರೆಯೂ ಇಲ್ಲದೆ ಸ್ಲ್ಯಾಬ್ ಮುಗಿಯಿತು.

"ಒಪ್ಪಿದೆ ಯವ್ವಾ," ಅಂದ ಮಹೇಶಕುಮಾರ. "ಇದನ್ನ ಯಾವ ಕಾಲೇಜಿನಾಗ ಕಲಿಸಿದ್ರು?"

"ಕಾಲೇಜಿನಾಗ ಅಲ್ರಿ, ನಮ್ಮಪ್ಪನ ಬುಟ್ಟಿ ಸಾಲಿನಾಗ," ಅಂದಳು ಮಾಯಾ. "ಹಿಡದೀನಿ ಅನ್ನೂ ತನಕ ಬಿಡಬಾರದಂತ ಅವರದೇ ರಿವಾಜು. ನಾ ಕಂಪ್ಯೂಟರಿಗೆ ಕಲಿಸೀನಿ, ಅಷ್ಟೇ."

ಇಂಥ ಮಾತಿಗೆ ಗುರಣ್ಣ ಊರೆಲ್ಲ ಕೇಳುವಂತೆ ಏನಾದರೂ ಅನ್ನಬೇಕಿತ್ತು. ಅವನು ಮುಖ ತಿರುಗಿಸಿ, ಮುಗಿದುಹೋದ ಸ್ಲ್ಯಾಬನ್ನೇ ಮತ್ತೆ ಪರೀಕ್ಷೆ ಮಾಡತೊಡಗಿದ.

ಸ್ಲ್ಯಾಬ್ ಮುಗಿದ ದಿನ ಮುಕಾದಮನಿಗೆ ಟವೆಲು, ತೆಂಗಿನಕಾಯಿ ಕೊಟ್ಟು ಮರ್ಯಾದೆ ಮಾಡುವುದು ಪದ್ಧತಿ. ಕಟ್ಟಡದ ಮಾಲೀಕರು ಕೊಟ್ಟರು, ಗುರಣ್ಣ ಕಣ್ಣಿಗೊತ್ತಿಕೊಂಡ. ಹೆಗಲಿಗೆ ಹಾಕಿಕೊಳ್ಳಲಿಲ್ಲ. ನೇರ ಮಗಳ ಹತ್ತಿರ ಬಂದು, "ಹಿಡಿ" ಅಂದ.

ಮಾಯಾ ಎರಡೂ ಕೈ ಚಾಚಿದಳು. ಟವೆಲು, ಕಾಯಿ ಅವಳ ಅಂಗೈಗೆ ಬಂದವು. ಅಪ್ಪ ಬಿಡಲಿಲ್ಲ. ಇಡೀ ಗ್ಯಾಂಗು ನೋಡುತ್ತಿತ್ತು.

"ಹಿಡದೀನಿ ಅಪ್ಪಾ," ಅಂದಳು.

ಆಗ ಬಿಟ್ಟ.