ಮಂಗಳವಾರದ ಚೊಂಬು

ನಾನು ಒಂದು ಹಿತ್ತಾಳೆಯ ಚೊಂಬು. ಕುತ್ತಿಗೆ ಸಣ್ಣದು, ಹೊಟ್ಟೆ ದೊಡ್ಡದು. ನಾಗಮಂಗಲದ ಕಂಚುಗಾರನೊಬ್ಬ ನನ್ನನ್ನು ಬಡಿದು ಬಡಿದು ಈ ಆಕಾರಕ್ಕೆ ತಂದ. ಹೊಟ್ಟೆ ಅಂತ ಕೊಟ್ಟ ಮೇಲೆ ಅದನ್ನು ತುಂಬಿಸುವವರೂ ಇರುತ್ತಾರೆ ಎಂದು ನಂಬಿದ್ದೆ. ಎಂಥ ಪೆದ್ದು ನಾನು!

ನನ್ನನ್ನು ಕೊಂಡವಳು ಒಬ್ಬ ವಿಧವೆ. ಅವಳ ಮಗ ಸೀತಾಪತಿ ಬಿ.ಎ. ಓದಲು ಬೆಂಗಳೂರಿಗೆ ಹೊರಟಿದ್ದ. ವಿಕ್ಟೋರಿಯಾ ರಾಣಿಯ ಕಾಲ ಅದು. "ಓದು ಹ್ಯಾಗಾದ್ರೂ ಆಗ್ಲಿ, ಹೊಟ್ಟೆಗೆ ಮಾತ್ರ ಕಮ್ಮಿ ಮಾಡ್ಕೋಬೇಡ ಕಣಪ್ಪ" ಎಂದು ನನ್ನನ್ನು ಅವನ ಗಂಟಿಗೆ ಕಟ್ಟಿದಳು.

ಆಗ ಬಡ ವಿದ್ಯಾರ್ಥಿಗಳದ್ದು ವಾರಾನ್ನದ ಊಟ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು, ಹೀಗೆ ದಿನಕ್ಕೊಂದು ಮನೆ. ಇರುವುದು ಛತ್ರದ ಮೂಲೆಯಲ್ಲಿ, ಸ್ನಾನ ಬಾವಿಕಟ್ಟೆಯಲ್ಲಿ. ಹುಡುಗ ಹೇಗೋ ನಿಭಾಯಿಸುತ್ತಿದ್ದ. ಅಷ್ಟರಲ್ಲಿ ಮಂಗಳವಾರದ ಮನೆಯವರಿಗೆ ಮೈಸೂರಿಗೆ ವರ್ಗವಾಯಿತು.

ಬೇರೆ ಮನೆ ಕೇಳಬಹುದಿತ್ತು. ಮಹಾ ಸಂಕೋಚದ ಪ್ರಾಣಿ, ಬಾಯಿ ಬರಲಿಲ್ಲ. ಸೋಮವಾರ ಊಟ ಹಾಕುತ್ತಿದ್ದ ತುಂಗಮ್ಮನವರು ಬಡಿಸುತ್ತಾ ಕೇಳಿದರು, "ನಾಳೆ ಯಾರ ಮನೇಲಪ್ಪ ಊಟ?"

"ನಾಳೆ ನಂಗೆ ಉಪವಾಸ ಅಮ್ಮ. ಮಂಗಳವಾರದ ವ್ರತ" ಎಂದುಬಿಟ್ಟ.

ತುಂಗಮ್ಮನವರು ಸೌಟು ಹಿಡಿದು ಹಾಗೇ ನಿಂತರು. "ಇಂಗ್ಲೀಷ್ ಓದೋ ಹುಡುಗ್ರಲ್ಲೂ ಇಂಥೋರಿದಾರಲ್ಲ!"

ಸುದ್ದಿ ದೇವಸ್ಥಾನಕ್ಕೆ ಬರುವ ಹೆಂಗಸರಲ್ಲೆಲ್ಲ ಹರಡಿತು. ಮಂಗಳವಾರ ಅವನು ನನ್ನಲ್ಲಿ ಬಾವಿನೀರು ತುಂಬಿಕೊಂಡು ಗಟಗಟ ಕುಡಿದು ಕಾಲೇಜಿಗೆ ಹೋಗುತ್ತಿದ್ದ. ಸುಳ್ಳು ಅಲ್ಲಿಗೇ ನಿಂತಿದ್ದರೆ ಬದುಕುತ್ತಿದ್ದನೇನೋ. ಗುರುವಾರದ ಮನೆಯಾಕೆ ಬಾಗಿಲಲ್ಲೇ ತಡೆದರು: "ಇವತ್ತು ಏಕಾದಶಿ ಅಲ್ವೇ? ನಿಮ್ಮಂಥೋರಿಗೆ ಅನ್ನ ಬಡಿಸಿ ನಾನ್ಯಾಕೆ ಪಾಪ ಕಟ್ಕೊಳ್ಲಿ?" ನನ್ನೊಳಗೆ ಎರಡು ಉದ್ಧರಣೆ ತೀರ್ಥ ಹಾಕಿ ಕಳಿಸಿದರು. ಆಮೇಲೆ ಸಂಕಷ್ಟಿ ಬಂತು, ಪ್ರದೋಷ ಬಂತು. ಶ್ರಾವಣ ಸೋಮವಾರ ಅಂತ ತುಂಗಮ್ಮನವರೂ ಎಲೆ ಹಾಕಲಿಲ್ಲ. ಪಂಚಾಂಗ ತುಂಬ ಹಬ್ಬ, ಹುಡುಗನಿಗೆ ನೀರೇ ಗತಿ.

ಹುಡುಗ ನೋಡನೋಡುತ್ತಾ ಸೊರಗಿದ. ಕೊನೆಗೊಂದು ದಿನ ತರಗತಿಯಲ್ಲೇ ಕುಸಿದುಬಿದ್ದ. ಜ್ವರ ಕೆಂಡದಂತೆ ಸುಡುತ್ತಿತ್ತು. ತುಂಗಮ್ಮನವರು ತಮ್ಮ ಮನೆಗೇ ಕರೆಸಿಕೊಂಡು ನಡುಮನೆಯಲ್ಲಿ ಮಲಗಿಸಿದರು. ಹೆತ್ತ ಮಗನನ್ನು ನೋಡಿಕೊಂಡಂತೆ ನೋಡಿಕೊಂಡರು, ಸುಳ್ಳು ಹೇಳಬಾರದು. ಪಂಡಿತರು ಬಂದು ನಾಡಿ ಹಿಡಿದರು. "ಲಂಘನ ಹಾಕಿ. ಜ್ವರ ಇಳಿಯೋ ತನಕ ಅನ್ನ ಮುಟ್ಟಿಸ್ಬೇಡಿ" ಎಂದರು. ಜ್ವರಕ್ಕೆ ಉಪವಾಸವೇ ಮದ್ದಂತೆ! ಕೂಗಿಕೊಳ್ಳಬೇಕೆನಿಸಿತು. ಚೊಂಬಿಗೆ ಎಲ್ಲಿಯ ಬಾಯಿ? ಇರುವುದು ನೀರು ಸುರಿಯುವುದಕ್ಕೆ ಮಾತ್ರ.

ಒಂದು ಬೆಳಿಗ್ಗೆ ಅಡುಗೆಮನೆಯಿಂದ ಅನ್ನ ಬೇಯುವ ವಾಸನೆ ಬಂತು. ಸೀತಾಪತಿ ಕಣ್ಣು ಬಿಟ್ಟ. ಪಕ್ಕದಲ್ಲಿ ಕೂತಿದ್ದ ತುಂಗಮ್ಮನವರ ಸೆರಗು ಹಿಡಿದುಕೊಂಡ.

"ಅಮ್ಮ, ನಂಗೆ ಯಾವ ವ್ರತಾನೂ ಇರ್ಲಿಲ್ಲ. ಮಂಗಳವಾರಕ್ಕೆ ಮನೆ ಇರ್ಲಿಲ್ಲ, ಅಷ್ಟೆ. ಒಂದು ತುತ್ತು ಅನ್ನ ಹಾಕಿ."

ಅಂತೂ ಹೇಳಿದನಲ್ಲ ಎಂದು ನನ್ನ ಜೀವ ತಣ್ಣಗಾಯಿತು. ತುಂಗಮ್ಮನವರು ಕಣ್ಣೊರೆಸಿಕೊಂಡರು. "ಜ್ವರ ನೆತ್ತಿಗೇರಿದೆ, ಪಾಪ. ಏನೇನೋ ಬಡಬಡಿಸ್ತಿದಾನೆ" ಎಂದು ಒಳಗೆ ಕೂಗಿ ಹೇಳಿ, ನನ್ನನ್ನೆತ್ತಿ ಅವನ ಬಾಯಿಗೆ ನೀರು ಬಿಟ್ಟರು. ಆ ನೀರು ಗಂಟಲಲ್ಲಿ ಇಳಿಯಲಿಲ್ಲ. ತುಟಿಯ ಅಂಚಿನಿಂದ ಹೊರಗೆ ಹರಿಯಿತು.

ಮಗನನ್ನು ನೋಡಲು ಬಂದ ತಾಯಿಗೆ ಸಿಕ್ಕಿದ್ದು ಬೂದಿ. ನನ್ನನ್ನು ನೋಡಲಾರದೆ ಅಲ್ಲೇ ಬಿಟ್ಟುಹೋದಳು.

ಈಗ ನನಗೂ ವಯಸ್ಸಾಗಿದೆ, ಮೈಯೆಲ್ಲ ನೆಗ್ಗು. ತುಂಗಮ್ಮನವರ ಸೊಸೆ ನನ್ನನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ದೇವರಮನೆಯಲ್ಲಿ ಕಲಶಕ್ಕೆ ಇಡುತ್ತಾಳೆ. ಮಹಾ ವ್ರತಸ್ಥನ ಚೊಂಬು ಎಂದು ಬಂದವರೆಲ್ಲ ಕೈಮುಗಿಯುತ್ತಾರೆ. ಕಲಶವನ್ನು ಬರೀ ನೆಲದ ಮೇಲೆ ಇಡಬಾರದಲ್ಲ, ಅದಕ್ಕೆ ಬಾಳೆಲೆ ಹಾಸಿ ಅಕ್ಕಿ ಹರವುತ್ತಾರೆ. ಒಬ್ಬ ಹುಡುಗ ಹೊಟ್ಟೆ ತುಂಬ ಉಣ್ಣುವಷ್ಟು ಅಕ್ಕಿ. ಪ್ರತಿ ಮಂಗಳವಾರ ನಾನು ಅದರ ಮೇಲೆ ಕೂತಿರುತ್ತೇನೆ.