ಆಗ್ನೆಸ್ ಬೆಂಚಿನ ಆರ್ವಿಡ್

ಆರ್ವಿಡ್ ಸ್ಟೆನ್‌ಬರ್ಗ್ ಬೆಂಚಿನ ಮೇಲೆ ಕೂರುವುದನ್ನು ಒಮ್ಮೆ ಕಂಡವರು ಇನ್ನು ಯಾವ ಪಟ್ಟಾಭಿಷೇಕವನ್ನೂ ನೋಡಬೇಕಾಗಿಲ್ಲ. ಬೆಳಗಿನ ಒಂಬತ್ತೂವರೆಗೆ, ಎದುರಿನ ಚರ್ಚಿನ ಗಡಿಯಾರವೇ ಅವರನ್ನು ನೋಡಿ ಮುಳ್ಳು ತಿದ್ದಿಕೊಳ್ಳಬೇಕು ಎನ್ನುವಷ್ಟು ಖಚಿತವಾಗಿ, ಆಲ್ಡರ್ ತೊರೆಯ ಪಾರ್ಕಿನ ತೆಂಕಣ ಏರಿಯಲ್ಲಿ ಮೊದಲು ಒಂದು ಕಂದು ಟೋಪಿ ಮೂಡುತ್ತಿತ್ತು. ಅದರ ಕೆಳಗೆ ಹಸಿರು ಚೌಕಳಿಯ ಉಣ್ಣೆಯ ಕೋಟು. ಕೋಟಿನೊಳಗೆ ಎಲ್ಲೋ ಆರ್ವಿಡ್. ಆ ಕೋಟು ಅಕ್ಟೋಬರಿನಲ್ಲಿ ಮೈಗೇರಿತೆಂದರೆ ಜೂನ್ ತಿಂಗಳ ಸೊಳ್ಳೆಗಳು ಬಂದು ಬೇಡಿಕೊಳ್ಳುವವರೆಗೂ ಇಳಿಯುತ್ತಿರಲಿಲ್ಲ. ನಡಿಗೆಯಂತೂ ಲೋಕದಲ್ಲಿ ಬೇರೆಲ್ಲೂ ಕಾಣಸಿಗದು. ಕಾಲುದಾರಿ ಕವಲೊಡೆಯುವಲ್ಲಿ ತಟ್ಟನೆ ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಅಡ್ಡ ಬಂದ ಅಳಿಲಿಗೆ ಕೈಸನ್ನೆಯಲ್ಲಿ ದಾರಿ ಬಿಟ್ಟು, ಆಮೇಲೆಯೇ ಮುಂದಿನ ಹೆಜ್ಜೆ. ಬಡಗಣ ಊರೊಂದರಲ್ಲಿ ಮೂವತ್ತೊಂದು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿ ನಿವೃತ್ತರಾದ ಈ ಮನುಷ್ಯ, ಬಸ್ಸನ್ನು ಶಾಲೆಗೆ ಒಪ್ಪಿಸಿ ಬಂದರೂ ಅದರ ಬ್ರೇಕನ್ನು ಮಾತ್ರ ಕಾಲಿನಲ್ಲೇ ಉಳಿಸಿಕೊಂಡಿದ್ದರು.

ಹೀಗೆ ಏರಿ ಹತ್ತಿ ಬಂದವರು ದೊಡ್ಡ ಮೇಪಲ್ ಮರದಡಿಯ ಹಳೆಯ ಬೆಂಚಿನ ಮುಂದೆ ನಿಲ್ಲುತ್ತಿದ್ದರು. ಟೋಪಿ ತೆಗೆಯುವರು. ಅದರಿಂದ ಬೆಂಚಿನ ಹಲಗೆಯನ್ನು ಮೂರು ಸಲ ತಟ್ಟುವರು. ಬಳಿಕ ಟೋಪಿಯನ್ನು ಎದೆಗೊತ್ತಿ, ಮಕ್ಕಳು ಆಡುವ ಕಡೆಗೆ ಮುಖ ಮಾಡಿ, ತುಟಿಯಲ್ಲೇ ಏನನ್ನೋ ಮಣಮಣಿಸುತ್ತ ಅರ್ಧ ನಿಮಿಷ ನಿಲ್ಲುವರು. ಆಮೇಲೆ ಕೋಟಿನ ಜೇಬಿನಿಂದ ಮಡಿಸಿದ ಕರವಸ್ತ್ರ ಬರುವುದು. ಬೆಂಚಿನ ಬೆನ್ನಿಗೆ ಬಡಿದ ಹಿತ್ತಾಳೆಯ ತಗಡನ್ನು ಅದು ಮೃದುವಾಗಿ ಒರೆಸುವುದು. ತಗಡಿನ ಮೇಲೆ ಎರಡೇ ಸಾಲು: ‘ಆಗ್ನೆಸಳ ನೆನಪಿಗೆ. ಈ ಜಾಗವೆಂದರೆ ಅವಳಿಗೆ ಪ್ರಾಣ.’ ಇಷ್ಟಾದ ಮೇಲೆ ಅವರು ಬೆಂಚಿನ ಬಲತುದಿಯಲ್ಲಿ ಕುಳಿತು, ಫ್ಲಾಸ್ಕ್ ತೆರೆದು, ಎರಡು ಕಪ್ಪುಗಳಿಗೆ ಕಾಫಿ ಬಗ್ಗಿಸುವರು. ಒಂದು ತಮ್ಮ ಕೈಗೆ. ಇನ್ನೊಂದು ಬೆಂಚಿನ ಎಡಬದಿಯ ಖಾಲಿ ಜಾಗಕ್ಕೆ.

ಆ ಎರಡನೆಯ ಕಪ್ಪು ಪಾರ್ಕಿನ ಸುತ್ತಲ ಆರು ಬೀದಿಗಳ ಕರುಳನ್ನು ಹಿಂಡಿತ್ತು.

ಮೊದಲು ಹಿಂಡಿದ್ದು ವರ್ನಾ ಹೋಮ್‌ಕ್ವಿಸ್ಟ್ ಅವರ ಕರುಳನ್ನು. ಪಾರ್ಕಿಗೆ ಎದುರಾಗಿ ಅಡುಗೆಮನೆಯ ಕಿಟಕಿಯಿರುವ, ಪಾರ್ಕಿನ ಗೆಳೆಯರ ಬಳಗಕ್ಕೆ ಹನ್ನೊಂದು ವರ್ಷಗಳಿಂದ ಅಧ್ಯಕ್ಷರಾಗಿರುವ ವರ್ನಾ, ಆರು ವರ್ಷಗಳ ಹಿಂದೆ ಪಾತ್ರೆ ತೊಳೆಯುತ್ತ ಈ ದೃಶ್ಯವನ್ನು ಮೊದಲ ಬಾರಿ ಕಂಡಾಗ ಕೈಯಲ್ಲಿದ್ದ ತಟ್ಟೆಯನ್ನು ಎರಡು ಸಲ ತೊಳೆದಿದ್ದರು. ಆ ಬೆಂಚಿಗೊಂದು ತಗಡಿದೆ ಎಂಬುದನ್ನು ಅದುವರೆಗೆ ಯಾರೂ ಗಮನಿಸಿರಲಿಲ್ಲ. ಹೊಸದಾಗಿ ಈ ಕಡೆ ಬಂದ ಮುದುಕ, ಹೆಂಡತಿಯ ನೆನಪಿಗೊಂದು ಬೆಂಚು, ಅದರ ಮುಂದೆ ದಿನಾ ಪ್ರಾರ್ಥನೆ, ಅವಳ ಪಾಲಿಗೊಂದು ಕಪ್ಪು ಕಾಫಿ: ಇದರಲ್ಲಿ ಕೇಳುವುದಕ್ಕೆ ಉಳಿದದ್ದಾದರೂ ಏನು? ಅಮೆರಿಕದ ಬಡಗಣ ತುದಿಯ ನಮ್ಮ ಮಿನೆಸೋಟದ ಕಡೆ ದುಃಖದಲ್ಲಿರುವವರನ್ನು ಪ್ರಶ್ನೆ ಕೇಳುವ ವಾಡಿಕೆಯೇ ಇಲ್ಲ. ಕೇಳುವ ಬದಲು ಹಾಟ್‌ಡಿಷ್ ಮಾಡಿಕೊಡುತ್ತೇವೆ. ನೂಡಲ್ಸು, ಟ್ಯೂನ ಮೀನು, ಡಬ್ಬಿಯ ಅಣಬೆ ಸೂಪು ಎಲ್ಲವನ್ನೂ ಗಾಜಿನ ಪಾತ್ರೆಗೆ ಸುರಿದು, ಮೇಲೆ ಆಲೂಗಡ್ಡೆ ಚಿಪ್ಸು ಪುಡಿಮಾಡಿ ಉದುರಿಸಿ ಬೇಯಿಸಿದರೆ, ಅದು ಹೇಳುವ ಸಾಂತ್ವನವನ್ನು ಯಾವ ಭಾಷೆಯೂ ಹೇಳಲಾರದು.

ವರ್ನಾ ಅವರ ಗಂಡ ಲೈಲ್ ಮಾತ್ರ ಇದರಲ್ಲಿ ನಂಬಿಕೆಯಿಲ್ಲದ ಮನುಷ್ಯ.

"ಒಂದ್ಸಲ ಕೇಳಿಬಿಡಬಾರದೇನೇ, ಆಗ್ನೆಸ್ ಯಾವಾಗ ಹೋದ್ರು ಅಂತ?"

"ಹೆಂಡ್ತೀನ ಕಳ್ಕೊಂಡವರ ಹತ್ರ ಹೋಗಿ ತಾರೀಖು ಕೇಳ್ತಾರಾ? ನಾನು ಹೋದ್ಮೇಲೆ ನಿಮ್ಮನ್ನೂ ಯಾರಾದ್ರೂ ಹೀಗೇ ಕೇಳ್ಲಿ, ಆಗ ಗೊತ್ತಾಗತ್ತೆ."

"ಹಾಟ್‌ಡಿಷ್ ತಂದ್ಕೊಟ್ಟು ಕೇಳೋದಾದ್ರೆ ಏನ್ ಬೇಕಾದ್ರೂ ಕೇಳ್ಲಿ," ಎಂದು ಲೈಲ್ ಪತ್ರಿಕೆಯ ಹಿಂದೆ ಮರೆಯಾದರು.

ಹೀಗೆ ಆರು ವರ್ಷ ಆರು ಬೀದಿಗಳ ಅಡುಗೆ ಆ ಬೆಂಚಿಗೆ ಸಲ್ಲುತ್ತ ಬಂತು. ಪಾತ್ರೆಯ ತಳದಲ್ಲಿ ಅಂಟುಪಟ್ಟಿಯ ಮೇಲೆ ಮನೆಯೊಡತಿಯ ಹೆಸರು. ವಾರದೊಳಗೆ ಪಾತ್ರೆ ಫಳಫಳ ತೊಳೆದುಕೊಂಡು ವಾಪಸು, ಅದರೊಳಗೆ ಒಂದು ಡಜನ್ ನಿಂಬೆಯ ಬರ್ಫಿಯಂಥ ಸಿಹಿ. ಒಂಟಿ ಗಂಡಸು, ಸತ್ತ ಹೆಂಡತಿಯ ಅಡುಗೆ ಪುಸ್ತಕ ನೋಡಿಕೊಂಡು ಇಷ್ಟು ಚೆನ್ನಾಗಿ ಸಿಹಿ ಮಾಡುವುದನ್ನು ಕಲಿತನಲ್ಲ ಎಂದು ಹೆಂಗಸರು ಕಣ್ಣೊರೆಸಿಕೊಂಡು ಒಂದೊಂದು ಹೆಚ್ಚಿಗೆಯೇ ತಿಂದರು. ಬೆಂಚಿನ ಹತ್ತಿರ ಬಂದರೆ ಎಲ್ಲರ ದನಿಯೂ ತಾನಾಗಿ ಇಳಿಯುತ್ತಿತ್ತು. ಹೇಗಿದ್ದೀರಿ ಆರ್ವಿಡ್ ಎಂದು ಯಾರಾದರೂ ತಲೆ ಓರೆ ಮಾಡಿ ಕೇಳಿದರೆ ಅವರದು ಒಂದೇ ಉತ್ತರ: "ಏನೋ, ಪರವಾಗಿಲ್ಲ." ಗೆದ್ದವರೂ ಸೋತವರೂ, ಲಾಟರಿ ಹೊಡೆದವರೂ ಕಾಲು ಮುರಿದವರೂ ನಮ್ಮಲ್ಲಿ ಕೊಡುವ ಉತ್ತರ ಅದೊಂದೇ. ಆದರೂ ಆರ್ವಿಡ್ ಅವರ ‘ಪರವಾಗಿಲ್ಲ’ದಲ್ಲಿ ಒಂದು ಸಮುದ್ರವೇ ಅಡಗಿದೆಯೆಂದು ವರ್ನಾ ಬಳಗದ ಸಭೆಯಲ್ಲಿ ಹೇಳಿದ್ದರು.

ದಂತಕಥೆಗೆ ಪವಾಡವೊಂದು ಬೇಕಷ್ಟೆ. ಅದೂ ಆಯಿತು. ಹೋದ ಬೇಸಗೆಯ ಒಂದು ಬೆಳಿಗ್ಗೆ ವರ್ನಾ ತಮ್ಮ ಐದು ವರ್ಷದ ಮೊಮ್ಮಗಳು ಟಿಲ್ಡಾಳನ್ನು ಆಡಲು ಬಿಟ್ಟು, ಜಾರುಬಂಡೆಯ ಪಕ್ಕದಲ್ಲಿ ನಿಂತು ಇಬ್ಬರು ತಾಯಂದಿರಿಗೆ ಚರ್ಚಿನ ಹೊಸ ಪಾದ್ರಿಯ ಕುಂದುಗಳನ್ನು ವಿವರಿಸುತ್ತಿದ್ದರು. ಎಂದೂ ಬೆಂಚು ಬಿಟ್ಟೇಳದ ಆರ್ವಿಡ್ ಎದ್ದು ಬಂದು ಪಕ್ಕದಲ್ಲಿ ನಿಂತರು.

"ವರ್ನಾ, ಒಬ್ಬರು ಕಮ್ಮಿ."

ಅಷ್ಟೇ ಮಾತು. ವರ್ನಾ ತಿರುಗಿ ನೋಡಿದರೆ ಟಿಲ್ಡಾ ಇಲ್ಲ. ಆರ್ವಿಡ್ ಆಗಲೇ ತೊರೆಯ ತಿರುವಿನತ್ತ ಕೈ ತೋರುತ್ತಿದ್ದರು. ಅಲ್ಲಿ, ರಸ್ತೆಯಡಿ ನೀರು ಹರಿಯುವ ದೊಡ್ಡ ಕೊಳವೆಯ ಬಾಯಲ್ಲಿ, ಮೊಣಕಾಲುಮಟ್ಟದ ನೀರಿನಲ್ಲಿ ನಿಂತು ಟಿಲ್ಡಾ ತನ್ನ ಹೊಸ ಟೋಪಿಯಲ್ಲಿ ಕಪ್ಪೆಮರಿ ಹಿಡಿಯುತ್ತಿದ್ದಳು. ಹಿಂದಿನ ರಾತ್ರಿ ಮಳೆ ಬಿದ್ದು ತೊರೆ ತುಂಬಿತ್ತು. ಇನ್ನೆರಡು ಹೆಜ್ಜೆ ಹೋಗಿದ್ದರೆ ಕೊಳವೆಯ ಕತ್ತಲು. ಮಗುವನ್ನು ಎತ್ತಿಕೊಂಡು ಮೇಲೆ ಬಂದ ವರ್ನಾಗೆ, ಎರಡು ಕಣ್ಣುಳ್ಳ ಮೂವರು ಹೆಂಗಸರಿಗೆ ಕಾಣದ್ದು ಅಷ್ಟು ದೂರದ ಮುದುಕರಿಗೆ ಹೇಗೆ ತಿಳಿಯಿತು ಎಂಬ ಪ್ರಶ್ನೆ ಎದ್ದಿತು. ಉತ್ತರವೂ ಕೂಡಲೇ ಹೊಳೆಯಿತು. ಆಗ್ನೆಸ್ ಹೇಳಿರಬೇಕು. ಮರುದಿನ ಬೆಳಿಗ್ಗೆ ಬೆಂಚಿಗೆ ಹೋದ ಹಾಟ್‌ಡಿಷ್‌ನಲ್ಲಿ ಟ್ಯೂನ ಎರಡರಷ್ಟಿತ್ತು.

ಈ ವರ್ಷ ಏಪ್ರಿಲಿನಲ್ಲಿ ಪಾರ್ಕಿನ ಸೂಚನಾ ಹಲಗೆಯ ಮೇಲೆ ಪ್ರಕಟಣೆಯೊಂದು ಬಿತ್ತು. ಹೊಸ ನಕ್ಷೆಯಂತೆ ಎಲ್ಲ ಬೆಂಚುಗಳನ್ನೂ ಕಾರು ನಿಲ್ಲಿಸುವ ಜಾಗದ ಪಕ್ಕ ಒಂದೇ ಸಾಲಿನಲ್ಲಿ ಇಡಲಾಗುವುದು. ಮೇಪಲ್ ಮರದಡಿಯ ಬೆಂಚೂ ಅಲ್ಲಿಗೆ ಹೋಗುವುದು. ಮೇ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ಹತ್ತಕ್ಕೆ ಪಾರ್ಕಿನ ತೆರೆದ ಚಾವಡಿಯ ಮಾಡಿನಡಿ ಸಭೆ.

ವರ್ನಾ ಯುದ್ಧಕ್ಕೆ ಹೊರಟರು. ಇನ್ನೂರ ಹನ್ನೆರಡು ಸಹಿಗಳಾದವು. ಮಕ್ಕಳು ಆಗ್ನೆಸಳ ಚಿತ್ರ ಬರೆದರು. ಒಂದರಲ್ಲಿ ಅವಳಿಗೆ ರೆಕ್ಕೆ, ಇನ್ನೊಂದರಲ್ಲಿ ಹಸಿರು ಚೌಕಳಿಯ ಕೋಟು, ಟಿಲ್ಡಾ ಬರೆದದ್ದರಲ್ಲಿ ಕೈಯಲ್ಲೊಂದು ಕಪ್ಪೆ. ಇದಾವುದನ್ನೂ ಆರ್ವಿಡ್ ಅವರಿಗೆ ಯಾರೂ ಹೇಳಲಿಲ್ಲ. ಗಾಯ ಕೆದಕುವುದು ಯಾಕೆ?

ಆದರೆ ಪ್ರಕಟಣೆಯನ್ನು ಆರ್ವಿಡ್ ಓದಿಕೊಂಡಿದ್ದರು. ಮೂರು ದಿನ ಅವರ ಫ್ಲಾಸ್ಕ್ ತೆರೆಯಲಿಲ್ಲ. ನಾಲ್ಕನೆಯ ದಿನ ಅವರು ಕಾರು ನಿಲ್ಲಿಸುವ ಜಾಗದ ಪಕ್ಕ ಹೋಗಿ, ಹೊಸ ಬೆಂಚು ಬರುವಲ್ಲಿ ಹುಲ್ಲಿನ ಮೇಲೆ ಕೋಟುಸಮೇತ ಕೂತು, ಆಟದ ಕಡೆಗೆ ಕತ್ತು ಚಾಚಿ ಚಾಚಿ ನೋಡಿ, ತಲೆಯಾಡಿಸಿ ಕಷ್ಟಪಟ್ಟು ಎದ್ದು ಬಂದುದನ್ನು ವರ್ನಾ ಕಿಟಕಿಯಿಂದ ಕಂಡರು. ಅಲ್ಲಿ ಆಗ್ನೆಸ್ ಬರುವುದಿಲ್ಲವಂತೆ, ಪಾಪ ಎಂದು ಅವರು ಲೈಲ್‌ಗೆ ಹೇಳಿದರು. ಆ ಬೆಂಚು ಹೋದರೆ ಈ ಮನುಷ್ಯ ಪಾರ್ಕಿಗೆ ಬರುವುದನ್ನೇ ಬಿಡುತ್ತಾರೆ ಎಂಬುದು ಅವರಿಗೆ ಖಾತ್ರಿಯಾಗಿತ್ತು. ಅದರ ಮಟ್ಟಿಗೆ ಅವರ ಊಹೆ ಸರಿಯಾಗಿಯೇ ಇತ್ತು.

ಸಭೆಯ ದಿನ ದೊಡ್ಡ ಪಾತ್ರೆಯಲ್ಲಿ ಕಾಫಿ ಕುದಿಯಿತು. ಊರಿನ ಪಾರ್ಕು ವಿಭಾಗದಿಂದ ಪೆಟ್ರಾ ನೈಗಾರ್ಡ್ ಎಂಬ, ಮೂವತ್ತು ದಾಟದ, ಕಂಕುಳಲ್ಲಿ ನಕ್ಷೆಯ ಸುರುಳಿ ಸಿಕ್ಕಿಸಿಕೊಂಡ ಅಧಿಕಾರಿ ಬಂದಿದ್ದಳು. ವರ್ನಾ ಎದ್ದು ನಿಂತು, ಹೆಸರು ಹೇಳದೆ, ಮರದಡಿಯ ಪ್ರೇಮದ ಬಗ್ಗೆ, ಎರಡನೆಯ ಕಪ್ಪಿನ ಬಗ್ಗೆ, ಸಾವನ್ನೂ ದಾಟಿ ಮಗುವೊಂದನ್ನು ಕಾಪಾಡಿದ ಕರುಣೆಯ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಕೊನೆಗೆ ಹೆಸರನ್ನೂ ಹೇಳಿದರು. ಪೆಟ್ರಾ ಮಕ್ಕಳ ಚಿತ್ರಗಳನ್ನು ಒಂದೊಂದಾಗಿ ನೋಡಿ ಮೂಗು ಒರೆಸಿಕೊಂಡು, ಸ್ಟೆನ್‌ಬರ್ಗ್ ಅವರ ದಿವಂಗತ ಪತ್ನಿಯ ಗೌರವಾರ್ಥ ಆ ಬೆಂಚನ್ನು ಇದ್ದಲ್ಲೇ ಬಿಡೋಣ ಎಂದು ಪೆನ್ನಿನ ಮುಚ್ಚಳ ತೆಗೆದಳು.

ಯುದ್ಧ ಗೆದ್ದಾಗಿತ್ತು. ಆರ್ವಿಡ್ ಮಾಡಬೇಕಾಗಿದ್ದದ್ದು ಒಂದೇ, ಆರು ವರ್ಷ ಮಾಡಿದ್ದನ್ನೇ: ಸುಮ್ಮನೆ ಕೂರುವುದು. ಅವರೋ ಹಿಂದಿನ ಸಾಲಿನಲ್ಲಿ ಟೋಪಿ ಹಿಡಿದು ಎದ್ದು ನಿಂತರು. ಅವರ ಕಿವಿಗಳು ಕೆಂಪಾಗಿದ್ದವು.

"ಸಹಿ ಹಾಕೋಕ್ ಮುಂಚೆ ಒಂದು ಮಾತು. ನನ್ನ ಹೆಂಡ್ತಿ ಹೆಸರು ಲವಾನ್. ಇವತ್ತು ಬಂದು ಅಲ್ಲಿ ಕಾರಲ್ಲಿ ಕೂತಿದಾಳೆ. ಈ ಪಾರ್ಕಿನ ಹೆಬ್ಬಾತುಗಳಂದ್ರೆ ಅವಳಿಗಾಗಲ್ಲ, ಅದಕ್ಕೇ ಒಳಗೆ ಬರೋಲ್ಲ."

ಮಾಡಿನಡಿಯ ಐವತ್ತು ಕತ್ತುಗಳು ಒಟ್ಟಿಗೆ ತಿರುಗಿದವು. ನಿಜಕ್ಕೂ ದೂರದ ನೀಲಿ ಕಾರಿನಲ್ಲಿ ಬಿಳಿಗೂದಲಿನ ಹೆಂಗಸೊಬ್ಬರು ಕನ್ನಡಕ ಹಾಕಿಕೊಂಡು ಏನನ್ನೋ ಹೆಣೆಯುತ್ತ ಕೂತಿದ್ದರು, ಪರಿಪೂರ್ಣವಾಗಿ ಜೀವಂತ. ಪೆಟ್ರಾ ಪೆನ್ನಿನ ಮುಚ್ಚಳ ಹಾಕಿದಳು. ಹಾಗಾದರೆ ಬೆಂಚು ಉಳಿಸುವುದಕ್ಕೆ ಕಾರಣವೇ ಉಳಿಯಲಿಲ್ಲವಲ್ಲ ಎಂದು ಆದಷ್ಟು ಮೃದುವಾಗಿ ಕೇಳಿದಳು.

"ಬನ್ನಿ, ಕೂತು ನೋಡಿ," ಎಂದು ಆರ್ವಿಡ್ ಹೊರಟರು. ಸಭೆಯೆಲ್ಲ ಹಿಂದೆ ಹೊರಟಿತು. ಕವಲಿನಲ್ಲಿ ಅವರು ನಿಂತು ಎಡಬಲ ನೋಡಿದಾಗ ಸಭೆಯೂ ನಿಂತಿತು. ಬೆಂಚಿನ ಮೇಲೆ ಪೆಟ್ರಾಳನ್ನು ಕೂರಿಸಿ ಏನೇನು ಕಾಣುತ್ತದೆ ಎಂದು ಕೇಳಿದರು. ಉಯ್ಯಾಲೆ, ಜಾರುಬಂಡೆ, ಮರಳಿನ ಗುಂಡಿ ಎಂದಳು. ಮತ್ತೆ? ತೊರೆಯ ತಿರುವು, ಕೊಳವೆಯ ಬಾಯಿ, ರಸ್ತೆಗೆ ಹೋಗುವ ಗೇಟು, ಶೌಚಾಲಯದ ಬಾಗಿಲು. ಆಮೇಲೆ ಎಲ್ಲರೂ ಹೊಸ ಜಾಗಕ್ಕೆ ನಡೆದರು. ಪೆಟ್ರಾ ಹುಲ್ಲಿನ ಮೇಲೆ ಕೂತಳು.

"ಈಗ?"

"ಕಾರುಗಳು," ಎಂದಳು ಪೆಟ್ರಾ ಕತ್ತು ಚಾಚಿ. "ಉಯ್ಯಾಲೆ ಅರ್ಧ."

"ಬೆಂಚಿಂದ ನಾನು ಎಣಿಸ್ತೀನಿ. ಬಂದ ತಕ್ಷಣ ಒಂದ್ಸಲ, ಆಮೇಲೆ ಐದು ನಿಮಿಷಕ್ಕೊಂದ್ಸಲ. ಬಸ್ಸಿನ ಅಭ್ಯಾಸ. ಎಣಿಕೆ ಸಿಗದಿದ್ರೆ ಬಸ್ಸು ಹೊರಡಿಸೋ ಹಾಗಿರಲಿಲ್ಲ. ಇಲ್ಲಿಂದ ಎಣಿಸೋಕಾಗಲ್ಲ."

ವರ್ನಾ ಲೈಲ್ ಅವರ ತೋಳು ಹಿಡಿದುಕೊಂಡರು. ಆರು ವರ್ಷದ ಪ್ರಾರ್ಥನೆ ಅವರ ಕಿವಿಯಲ್ಲಿ ಈಗ ಒಂದು, ಎರಡು, ಮೂರು ಎಂದು ಕೇಳತೊಡಗಿತ್ತು. ಎಷ್ಟೋ ಬೆಳಿಗ್ಗೆ ಆ ಎಣಿಕೆಯೊಳಗೆ ಟಿಲ್ಡಾ ಇದ್ದಳು. ಒಂದು ದಿನ ಇರಲಿಲ್ಲ. ಪೆಟ್ರಾ ನಕ್ಷೆಯನ್ನು ಮೊಣಕಾಲ ಮೇಲೆ ಹರಡಿ, ಸಾಲಿನಿಂದ ಒಂದು ಬೆಂಚನ್ನು ಹೊಡೆದುಹಾಕಿ ಮರದಡಿ ಗುರುತು ಮಾಡಿ, ಕೆಳಗೆ ಸಹಿ ಹಾಕಿದಳು.

ಇಷ್ಟರಲ್ಲಿ ಸಭೆಯೇ ತಮ್ಮತ್ತ ಬರುವುದನ್ನು ಕಂಡ ಲವಾನ್, ಹೆಬ್ಬಾತುಗಳಿಲ್ಲವೆಂದು ಖಚಿತಪಡಿಸಿಕೊಂಡು ಕಾರಿನಿಂದ ಇಳಿದಿದ್ದರು. ಅವರ ಕೈಯಲ್ಲಿ ಗಾಜಿನ ಪಾತ್ರೆ.

"ವರ್ನಾ ಅಂದ್ರೆ ನೀವೇ ತಾನೇ? ಪಾತ್ರೆಯ ತಳದಲ್ಲಿ ಓದಿ ಓದಿ ಪರಿಚಯ ಆಗೋಗಿದೆ. ಟ್ಯೂನ ಚೆನ್ನಾಗಿತ್ತು ಕಣ್ರಿ, ಉಪ್ಪು ಒಂಚೂರು ಕಮ್ಮಿ."

ಆ ಎರಡನೆಯ ಕಪ್ಪು ಯಾರಿಗೆ ಎಂದು ಲೈಲ್ ತಡೆಯಲಾರದೆ ಕೇಳಿಯೇಬಿಟ್ಟರು. ಅದು ಆರುವುದಕ್ಕೆ ಇಡುವ ಕಪ್ಪು, ಬಿಸಿ ಕುಡಿದರೆ ಅವರಿಗೆ ನಾಲಿಗೆ ಸುಡುತ್ತದೆ, ಮನೆಯಲ್ಲೂ ಹೀಗೇ ದಿನಕ್ಕೆ ಹತ್ತು ಕಪ್ಪು ತೊಳೆಯುತ್ತೇನೆ ಎಂದರು ಲವಾನ್. ತಗಡು ಒರೆಸದಿದ್ದರೆ ಇಬ್ಬನಿಯಲ್ಲಿ ಕೋಟಿನ ಬೆನ್ನು ಒದ್ದೆಯಾಗಿ, ಅದನ್ನು ಒಣಹಾಕುವ ಕೆಲಸವೂ ತಮ್ಮದೇ ಎಂದು ಸೇರಿಸಿದರು.

ಪ್ರತಿ ಪಾರ್ಕಿನಲ್ಲೂ ಇಂಥವರೊಬ್ಬರು ಇರುತ್ತಾರೆ. ಲೋಕ ಅವರ ತಲೆಯ ಸುತ್ತ ಪ್ರಭಾವಳಿ ಕಟ್ಟುವುದರಲ್ಲಿ ಮಗ್ನವಾಗಿರುವಾಗ, ಅವರು ಲೋಕದ ತಲೆಗಳನ್ನು ಎಣಿಸುತ್ತಿರುತ್ತಾರೆ. ಯಾರೂ ಒಪ್ಪಿಸದ ಕೆಲಸ, ಯಾರೂ ಬಿಡಿಸಲಾಗದ ಅಭ್ಯಾಸ. ಅವರಿಗೊಂದು ದೊಡ್ಡ ದುಃಖವನ್ನೋ ದೊಡ್ಡ ಪ್ರೇಮವನ್ನೋ ಅಂಟಿಸದೆ ನಮಗೆ ಸಮಾಧಾನವಿಲ್ಲ. ಕಾರಣವಿಲ್ಲದೆ ಒಬ್ಬ ಮನುಷ್ಯ ಪರರ ಮಕ್ಕಳ ಮೇಲೆ ಇಷ್ಟು ನಿಗಾ ಇಟ್ಟಾನೆಂದು ನಂಬುವುದಕ್ಕಿಂತ ಸತ್ತವರು ಕಿವಿಯಲ್ಲಿ ಪಿಸುಗುಟ್ಟಿದರೆಂದು ನಂಬುವುದು ನಮಗೆ ಹಗುರ. ಪಾತ್ರೆಯನ್ನು ಎದೆಗವಚಿಕೊಂಡು ನಿಂತಿದ್ದ ವರ್ನಾ ಸುಮಾರಾಗಿ ಇದನ್ನೇ ಯೋಚಿಸುತ್ತಿದ್ದರು. ಆದರೂ ಒಂದು ಮುಳ್ಳು ಉಳಿದೇ ಇತ್ತು. ಎಲ್ಲರೂ ಕಾಫಿಯತ್ತ ಸರಿದ ಮೇಲೆ, ಹುಟ್ಟಿದಂದಿನಿಂದ ಮಾಡದ ಕೆಲಸ ಮಾಡಿದರು: ನೇರವಾಗಿ ಕೇಳಿದರು.

"ಹಾಗಾದ್ರೆ ಆರ್ವಿಡ್, ಈ ಆಗ್ನೆಸ್ ಯಾರು?"

ಆರ್ವಿಡ್ ಟೋಪಿಯನ್ನು ತಲೆಗೇರಿಸಿಕೊಂಡು ಅವರನ್ನೇ ಅಚ್ಚರಿಯಿಂದ ನೋಡಿದರು.

"ನಿಮ್ಮ ಕಡೆಯವರೇ ಅಂದ್ಕೊಂಡಿದ್ದೆ. ಬೆಂಚಿನ ಹತ್ರ ಬಂದ್ರೆ ನೀವೆಲ್ಲ ಅಷ್ಟು ಮೆತ್ತಗೆ ಮಾತಾಡ್ತಿದ್ರಲ್ಲ. ಪಾಪ, ಹೇಗೆ ಕೇಳೋದು ಅಂತ ನಾನೂ ಸುಮ್ಮನಿದ್ದೆ."