ಬುಧವಾರದ ಹೊಲಿಗೆ

"ಉಸಿರು ಬಿಗಿ ಹಿಡೀಬೇಡಿ ಗಿಟೆಲ್. ನೀವು ಹೊಟ್ಟೆ ಎಳ್ಕೊಂಡ್ರೆ ಅಳತೆ ಸುಳ್ಳಾಗುತ್ತೆ," ಎಂದಳು ಹೆಟ್ಟಿ.

"ಎಂಬತ್ತೆಂಟಾದ್ರೂ ಹೆಂಗಸು ಹೆಂಗಸೇ ಅಲ್ವೇನೇ?" ಗಿಟೆಲ್ ಮೇಜಿನ ಅಂಚು ಹಿಡಿದು ನಿಂತು ನಕ್ಕಳು. "ಧಾರಾಳವಾಗಿ ಕತ್ತರಿಸು. ಬಟ್ಟೆ ಉಳಿಸೋಕೆ ಹೋಗಿ ನನ್ನನ್ನ ಬಿಗಿದು ಕಟ್ಟಬೇಡ. ಆಮೇಲೆ ಬಿಚ್ಚಿ ಸಡಿಲ ಮಾಡಿಕೊಡೋರು ಅಲ್ಲಿ ಯಾರಿದಾರೆ?"

"ಅಯ್ಯೋ, ಬಿಡ್ತು ಅನ್ನಿ ಆಂಟಿ! ಆಪರೇಷನ್ ಮುಗಿಸ್ಕೊಂಡು ಬಂದು ನಮ್ಮನ್ನೆಲ್ಲ ಮತ್ತೆ ಬೈತೀರಿ," ಎಂದು ಆವ್ರಿಲ್ ಸೂಜಿಗೆ ದಾರ ಪೋಣಿಸಿದಳು. ಆವ್ರಿಲ್‌ಗೆ ಐವತ್ತೆರಡು. ಮೂವರಲ್ಲಿ ಅವಳೇ ಚಿಕ್ಕವಳು, ಆದ್ದರಿಂದ ಟೀ ಮಾಡುವ ಕೆಲಸ ಅವಳದು.

ಲೀಡ್ಸ್‌ನ ಯಹೂದಿ ಪ್ರಾರ್ಥನಾಮಂದಿರವಾದ ಆ ಸಿನಗಾಗಿನ ಹಿಂಬದಿಯ ಕೋಣೆಯಲ್ಲಿ ಪ್ರತಿ ಬುಧವಾರ ಮಧ್ಯಾಹ್ನ ಹೆಂಗಸರು ಸೇರಿ ಸತ್ತವರ ಕೊನೆಯ ಉಡುಪು ಹೊಲಿಯುತ್ತಿದ್ದರು. ಇವತ್ತು ಆಪರೇಷನ್ನಿಗೆ ಮುಂಚೆ ಗಿಟೆಲ್ ತನ್ನದನ್ನೇ ಹೊಲಿಸಿಕೊಳ್ಳುತ್ತಿದ್ದಳು. ಬಿಳಿಯ ನಾರುಬಟ್ಟೆ. ಅಂಗಿಗೆ ಜೇಬಿಲ್ಲ, ದಾರಕ್ಕೆ ಗಂಟಿಲ್ಲ. ಊರಿನ ಯಹೂದಿಗಳೆಲ್ಲ ಬಾಗಿಲ ಬಳಿಯ ಡಬ್ಬಿಗೆ ಹಾಕಿದ ಹಣದಲ್ಲಿ ಬಟ್ಟೆ ಬರುತ್ತಿತ್ತು, ಹೊಲಿಗೆ ಇವರ ಕೊಡುಗೆ. ಕಾರ್ಖಾನೆಯ ಮಾಲೀಕನಿಗೂ ಅದೇ ಅಂಗಿ, ಅವನ ಕಾರ್ಖಾನೆಯಲ್ಲಿ ಕೋಟುಗಳಿಗೆ ಗುಂಡಿ ಹಚ್ಚುತ್ತಿದ್ದವಳಿಗೂ ಅದೇ ಅಂಗಿ. ತೊಳೆಯುವುದು, ಉಡಿಸುವುದು, ಮಣ್ಣು ಮಾಡುವುದು ಎಲ್ಲವನ್ನೂ ಇವರೂ ಸೇರಿದ್ದ ಅಂತ್ಯಸಂಸ್ಕಾರದ ಸಂಘವೇ ಮಾಡುತ್ತಿತ್ತು. ಸತ್ತವರು ತಿರುಗಿ ಏನೂ ಕೊಡಲಾರರು, ಆದ್ದರಿಂದ ಇದಕ್ಕಿಂತ ದೊಡ್ಡ ದಾನವಿಲ್ಲ ಎಂದು ಗುರುಗಳಾದ ರಬ್ಬಿ ವರ್ಷಕ್ಕೊಮ್ಮೆ ಬಂದು ಹೇಳುತ್ತಿದ್ದರು. ಹೇಳಿ, ಎರಡು ಬಿಸ್ಕತ್ತು ತಿಂದು ಹೋಗುತ್ತಿದ್ದರು.

ಹೆಟ್ಟಿ ಈ ಕೋಣೆಗೆ ಬರತೊಡಗಿ ಮೂವತ್ತೇಳು ವರ್ಷ. ಅವಳ ಕೈಹೊಲಿಗೆಯನ್ನು ಎಲ್ಲರೂ ಹೊಗಳುತ್ತಿದ್ದರು, ಯಾಕೆ ಬಂದೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಕೇಳಬೇಕಾದ್ದೂ ಇರಲಿಲ್ಲ, ಆಗಿನವರಿಗೆಲ್ಲ ಗೊತ್ತಿತ್ತು. ಅವಳ ಒಂದೇ ಒಂದು ಮಗು ಹೊಟ್ಟೆಯಲ್ಲೇ ತೀರಿಕೊಂಡು ಹುಟ್ಟಿತ್ತು. ಅವಳಿಗೆ ಅರಿವಳಿಕೆ ಇಳಿದು ಎಚ್ಚರವಾಗುವ ಹೊತ್ತಿಗೆ ಸಂಘದವರು ಬಂದು ಮಗುವನ್ನು ಒಯ್ದಾಗಿತ್ತು. ಹುಟ್ಟಿ ತಿಂಗಳಾದರೂ ಬದುಕದ ಕೂಸಿಗೆ ಶೋಕದ ವಿಧಿಗಳಿಲ್ಲ. ಕನ್ನಡಿಗೆ ಬಟ್ಟೆ ಮುಚ್ಚಲಿಲ್ಲ, ಯಾರೂ ನೆಲದ ಮಟ್ಟದ ಮಣೆಯ ಮೇಲೆ ಕೂರಲಿಲ್ಲ. ಗಂಡ ಸೋಲಿ ಮರುದಿನವೇ ಕೆಲಸಕ್ಕೆ ಹೋದ. ನೆರೆಯವರು ಕೋಳಿಸಾರು ತಂದಿಟ್ಟು, ಇನ್ನೊಂದಾಗುತ್ತೆ ಬಿಡು ಎಂದರು. ಆಗಲಿಲ್ಲ. ಒಯ್ದವಳು ಗಿಟೆಲ್ ಎಂದು ತಿಳಿದ ಮೇಲೆ ಹೆಟ್ಟಿ ಬುಧವಾರಗಳಲ್ಲಿ ಬಂದು ಅವಳ ಪಕ್ಕದಲ್ಲಿ ಕೂತಳು. ಎಂದಾದರೊಂದು ದಿನ ಮಗುವಿನ ವಿಷಯ ತಾನಾಗಿಯೇ ಹೇಳಿಯಾಳು ಎಂಬ ಆಸೆ. ಆದರೆ ಕೆಲಸದಲ್ಲಿ ಕಂಡದ್ದನ್ನು ಹೊರಗೆ ಆಡಬಾರದೆಂಬುದು ಸಂಘದ ಮೊದಲ ನಿಯಮ, ಗಿಟೆಲ್ ನಿಯಮದ ಹೆಂಗಸು.

ಅಳತೆ ಮುಗಿದು ಗಿಟೆಲ್ ಕುರ್ಚಿಗೆ ಒರಗಿದಳು. ಆವ್ರಿಲ್ ಹೊಲಿಯುತ್ತಲೇ ಮಾತು ತೆಗೆದಳು.

"ನಮ್ಮ ಚಿಕ್ಕಮ್ಮನ ಊರಲ್ಲಿ ಏನಾಯ್ತು ಗೊತ್ತಾ? ಹಳೇ ಕಾಲದಲ್ಲಿ ಸತ್ತು ಹುಟ್ಟಿದ ಮಕ್ಕಳನ್ನ ಎಲ್ಲೆಲ್ಲಿ ಮಣ್ಣು ಮಾಡಿದ್ರು ಅಂತ ಹುಡುಕಿ, ಒಂದೊಂದಕ್ಕೂ ಕಲ್ಲು ಇಡ್ತಿದಾರಂತೆ. ಅರವತ್ತು, ಎಪ್ಪತ್ತು ವರ್ಷದ ಅಮ್ಮಂದಿರು ಬಸ್ ಹತ್ತಿ ಬರ್ತಿದಾರಂತೆ, ಪಾಪ." ಬಾಯಿಂದ ಬಿದ್ದ ಮೇಲೆಯೇ ಅವಳಿಗೆ ಹೊಳೆದದ್ದು. ಮುಖ ಕೆಂಪಾಯಿತು. "ಟೀ ಮಾಡ್ತೀನಿ," ಎಂದು ಎದ್ದು ಹೋದಳು.

ಹೆಟ್ಟಿಯ ಕೈಯಲ್ಲಿದ್ದ ಕತ್ತರಿ ಬಟ್ಟೆಯ ನಡುವೆಯೇ ನಿಂತಿತು. ಮುಂದಿನ ಬುಧವಾರ ಈ ಕುರ್ಚಿಯಲ್ಲಿ ಗಿಟೆಲ್ ಇರುತ್ತಾಳೋ ಇಲ್ಲವೋ.

"ಗಿಟೆಲ್, ನನ್ನದನ್ನ ಎಲ್ಲಿಟ್ರಿ?"

ಗಿಟೆಲ್ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು.

"ಬರೆದಿಟ್ಟಿಲ್ಲ ಕಣೇ. ಬೇಕೂಂತಲೇ ಬರೀಲಿಲ್ಲ. ಜಾಗ ಗೊತ್ತಾದ್ರೆ ತಾಯಿ ಅಲ್ಲೇ ಹೋಗಿ ಕೂರ್ತಾಳೆ, ಮನೆಗೆ ಬರಲ್ಲ ಅಂತ ದೊಡ್ಡೋರು ಹೇಳ್ತಿದ್ರು. ಆ ಭಾರ ನಿಮ್ಮ ಮೇಲೆ ಬೇಡ, ನಾವೇ ಹೊರೋಣ ಅಂತ."

"ನೀವು ಹೊತ್ರಾ?"

"ಮರುದಿನ ಕಾರಲ್ಲಿ ತೊಡೆ ಮೇಲೆ ಇಟ್ಕೊಂಡು ಹೋದೆ. ಹಿಂದಿನ ರಾತ್ರಿ ಕೂತು ಒಂದು ಪುಟ್ಟ ಅಂಗಿ ಹೊಲಿದಿದ್ದೆ. ಸ್ಮಶಾನದ ಗೇಟಿನ ಹತ್ರ ಗಂಡಸರು ಅವನನ್ನ ಇಸ್ಕೊಂಡ್ರು."

"ಅವನನ್ನ?"

ಗಿಟೆಲ್ ತಲೆಯೆತ್ತಿದಳು.

"ಅವನನ್ನ ಅಂದ್ರಲ್ಲ? ಗಂಡಾ?" ಹೆಟ್ಟಿಯ ದನಿ ಅವಳಿಗೇ ಗುರುತು ಸಿಗದಂತಿತ್ತು.

"ನಿನಗೆ ಹೇಳಿರ್ಲಿಲ್ವಾ? ಆಸ್ಪತ್ರೆಯಲ್ಲಿ ಯಾರೂ...?"

ಯಾರೂ ಹೇಳಿರಲಿಲ್ಲ. ಮೂವತ್ತೇಳು ವರ್ಷ ಹೆಟ್ಟಿ ಒಮ್ಮೆ ಮಗಳೆಂದೂ ಒಮ್ಮೆ ಮಗನೆಂದೂ ನೆನೆದಿದ್ದಳು. ಹೆಚ್ಚಾಗಿ ಮಗಳೆಂದೇ. ಮನಸ್ಸಿನಲ್ಲೇ ಜಡೆ ಹೆಣೆದಿದ್ದಳು, ಮದುವೆ ಮಾಡಿದ್ದಳು. ಸೋಲಿ ಎಂಟು ವರ್ಷದ ಹಿಂದೆ ಏನೂ ತಿಳಿಯದೆಯೇ ಸತ್ತ. ಈಗ ಕೈಯಲ್ಲಿದ್ದ ಹೆಣ್ಣುಮಗು ಜಾರಿ ಹೋಯಿತು, ಬಂದ ಗಂಡುಮಗುವಿನ ಮುಖ ಅವಳಿಗೆ ಗೊತ್ತಿಲ್ಲ.

ಆಗ ಅವಳಿಗೆ ಸಂಘದ ಪದ್ಧತಿ ನೆನಪಾಯಿತು. ಸಿಟ್ಟು ಒಮ್ಮೆಲೇ ಎದ್ದು ಬಂತು. "ಗಂಡಾದ್ರೆ ಹೆಸರಿಡದೆ ಮಣ್ಣು ಮಾಡಲ್ಲ ಅಲ್ವಾ ನೀವು? ಹೆಸರಿಟ್ರಿ. ನನ್ನ ಮಗನಿಗೆ ಹೆಸರಿದೆ. ಏನು ಹೆಸರು ಗಿಟೆಲ್?"

"ಗುಂಡಿ ಹತ್ರ ಗಂಡಸರು ಇಡೋದು. ನಮ್ಮನ್ನ ಗೇಟಿನಿಂದ ಒಳಗೆ ಬಿಡ್ತಿರಲಿಲ್ಲ. ನಾನು ಕೇಳಲಿಲ್ಲ. ಕೇಳಬಾರದು ಅಂತಿತ್ತು, ಕೇಳಲಿಲ್ಲ."

"ಯಾರು ಇಟ್ಟಿದ್ದು?"

"ಇಬ್ಬರಿದ್ರು. ಇಬ್ಬರಿಗೂ ನಾವೇ ಹೊಲಿದ್ವಲ್ಲೇ, ನೀನೂ ನಾನೂ."

ಹೆಟ್ಟಿ ಕೂಗಾಡಲಿಲ್ಲ. ಅಷ್ಟು ದೂರ ಬಂದ ಸಿಟ್ಟು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ಕುಸಿಯಿತು. ಅವನಿಗೆ ಒಂದು ಹೆಸರಿತ್ತು, ಅದನ್ನು ಹಿಡಿದು ಕರೆಯಬಲ್ಲವರು ಜಗತ್ತಿನಲ್ಲಿ ಒಬ್ಬರೂ ಉಳಿದಿರಲಿಲ್ಲ. ಗಿಟೆಲ್ ಅಳುತ್ತಿದ್ದಳು. ಊರಿನ ಇನ್ನೂರು ಹೆಂಗಸರನ್ನು ತೊಳೆದು ಉಡಿಸಿದವಳು, ಮೂಗು ಒರೆಸಿಕೊಳ್ಳಲೂ ತೋಚದೆ ಕೂತಿದ್ದಳು.

"ನಾವು ಒಳ್ಳೇದು ಅಂದ್ಕೊಂಡ್ವಿ ಹೆಟ್ಟಿ. ದೇವರಾಣೆಗೂ."

"ಗೊತ್ತು," ಎಂದಳು ಹೆಟ್ಟಿ. ಅದು ನಿಜವಾಗಿತ್ತು, ಅದರಿಂದೇನೂ ಹಗುರಾಗಲಿಲ್ಲ. ಕುರ್ಚಿಯ ಹತ್ತಿರ ಹೋಗಿ ಕೇಳಿದಳು, "ಎಷ್ಟುದ್ದ ಇದ್ದ?"

ಗಿಟೆಲ್ ಮಡಿಲಿಂದ ಎರಡೂ ಕೈ ಎತ್ತಿ ಗಾಳಿಯಲ್ಲಿ ಹಿಡಿದಳು. ಮುಪ್ಪಿನ ಕೈಗಳು ನಡುಗಿ ನಡುವಿನ ಜಾಗ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. "ಇಷ್ಟು. ಅಲ್ಲ, ಇಷ್ಟು."

ಹೆಟ್ಟಿ ಮೊಣಕಾಲೂರಿ ಕೂತು, ತನ್ನ ಅಂಗೈಗಳನ್ನು ಹೊರಗಿನಿಂದ ಆ ಕೈಗಳಿಗೆ ಒತ್ತಿ ಹಿಡಿದಳು. ನಡುಕ ನಿಂತಿತು. ಟೀ ಹಿಡಿದು ಬಂದ ಆವ್ರಿಲ್ ಬಾಗಿಲಲ್ಲೇ ನಿಂತಳು.

"ಕೈ ಸೋಲ್ತಿದೆ ಕಣೇ," ಎಂದಳು ಗಿಟೆಲ್.

"ಇನ್ನು ಸ್ವಲ್ಪ ಹೊತ್ತು," ಎಂದಳು ಹೆಟ್ಟಿ.